ತಿರುಗಿ ನೋಡಿದವಳು

ಕಿರಿಮಂಜೇಶ್ವರದಲ್ಲಿ ಆ ಬೆಳಗಿನ ಬಸ್ಸು ಹತ್ತಿದವಳು ನಾನಲ್ಲ. ನನ್ನನ್ನು ಕವಿ ಎಂದು ಗುರುತಿಸುವಂತೆ ಮಾಡಿದ ಪದ್ಯದಲ್ಲಿ 'ನಾನು' ಎಂದೇ ಬರೆದೆ — ಚಪ್ಪಲಿ ಕೈಯಲ್ಲಿ ಹಿಡಿದು ಗಂಡನ ಮನೆಯಿಂದ ಹೆದ್ದಾರಿಯವರೆಗೆ ನಡೆದೆ, ಒಮ್ಮೆಯೂ ತಿರುಗಿ ನೋಡಲಿಲ್ಲ ಎಂದು. ನಡೆದವಳು ನನ್ನ ಅಕ್ಕ, ಗಿರಿಜೆ. ನನಗೆ ಮದುವೆಯೇ ಆಗಿರಲಿಲ್ಲ.

ತೊಂಬತ್ತರ ದಶಕದ ಕೊನೆ. ಕುಂದಾಪುರದ ಒಂದು ಸಭೆಯಲ್ಲಿ ಅದನ್ನು ಓದಿದಾಗ ಹೆಂಗಸರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಗಂಟಲಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತಾದದ್ದೇ ಅಂದು. ಆ ಬಿಡುಗಡೆ ಸುಳ್ಳಲ್ಲ. ಇವತ್ತಿಗೂ ಅದನ್ನು ಅಲ್ಲಗಳೆಯಲಾರೆ. ಹಿಂದಿನ ಸಾಲಿನಲ್ಲಿ ಅಕ್ಕ ಕುಳಿತಿದ್ದಳು. ಹೊರಗೆ ಬಂದ ಮೇಲೆ ಅಂದಳು:

"ಪದ್ಯ ಲಾಯ್ಕ್ ಇತ್ತ್ ಮಾರಾಯ್ತಿ. ಆರೆ ನನ್ ಬಸ್ಸಿಗೆ ನೀ ಯಾವಾಗ ಹತ್ದೆ?"

ನಕ್ಕೆ. ಅವಳೂ ನಕ್ಕಳು. ಆಮೇಲೆ, "ತಿರ್ಗಿ ಕಾಣ್ಲಿಲ್ಲ ಅಂಬ್ದ್ ಸುಳ್ಳ್. ಒಲಿ ಮೇಲ್ ಅನ್ನ ಇದ್ದಿತ್ತ್. ದಾರಿ ಉದ್ದಕ್ಕೂ ತಿರ್ಗಿ ತಿರ್ಗಿ ಕಂಡೆ."

ಅನ್ನ ಪದ್ಯಕ್ಕೆ ಹೊಂದುವುದಿಲ್ಲ ಎಂದುಕೊಂಡೆ — ಹೌದು, ಹಾಗೇ ಅಂದುಕೊಂಡೆ.

ಹತ್ತು ವರ್ಷಗಳ ನಂತರ ಆತ್ಮಕಥೆ ಬರೆದೆ. ತಿದ್ದಬಹುದಿತ್ತು. ಬ್ರಹ್ಮಾವರದಲ್ಲಿ ಒಂಟಿಯಾಗಿರುವ ನನ್ನನ್ನು ಓದುಗರು ಗಂಡನನ್ನು ಬಿಟ್ಟು ಬಂದ ಧೀರೆ ಎಂದು ನಂಬಿದ್ದರು. 'ಆ ಬೆಳಗಿನ ಬಗ್ಗೆ ಇನ್ನೇನೂ ಹೇಳಲಾರೆ' ಎಂದು ಬರೆದು ಆ ನಂಬಿಕೆಯನ್ನು ಸಾಕಿದೆ. ಅಕ್ಕನಿಗೆ ಕೊಟ್ಟದ್ದು ಒಂದೇ ವಾಕ್ಯ: ಗಂಡ ಕೈಬಿಟ್ಟದ್ದರಿಂದ ತಲ್ಲೂರಿನ ತವರಿಗೆ ಮರಳಿದಳು. ಊರು ಆಡುತ್ತಿದ್ದ ಸುಳ್ಳು ಅದು. ನಾನು ಅದನ್ನು ಅಚ್ಚು ಹಾಕಿಸಿದೆ. ತೆಕ್ಕಟ್ಟೆಯಲ್ಲಿ ಅವಳ ಹೊಲಿಗೆ ಅಂಗಡಿಗೆ ನನ್ನ ಪುಸ್ತಕ ಓದಿದವರೂ ಬರುತ್ತಾರೆ. ಅವಳನ್ನು ಕನಿಕರದಿಂದ ನೋಡುತ್ತಾರೆ, ತಂಗಿಯ ಧೈರ್ಯವನ್ನು ಅವಳೆದುರೇ ಹೊಗಳುತ್ತಾರೆ. ಅವಳು ಅಳತೆ ತೆಗೆಯುತ್ತಾಳೆ.

ವಿಚಿತ್ರವೆಂದರೆ — ಆ ಬಸ್ಸಿನ ಡೀಸೆಲ್ ವಾಸನೆ ನನಗೆ ನೆನಪಿದೆ. ಕಿಟಕಿಯ ಸರಳು ತಣ್ಣಗಿತ್ತು. ಹತ್ತದ ಬಸ್ಸಿನ ನೆನಪು! ಇಷ್ಟು ಚೆನ್ನಾಗಿ ನೆನಪಿರುವುದನ್ನು ನಾನೀಗ ನಂಬುವುದಿಲ್ಲ...

ಹೋದ ವಾರ, ಇದನ್ನು ಬರೆಯಲೇ ಎಂದು ಅಕ್ಕನನ್ನು ಕೇಳಿದೆ. ಅವಳು ಹೊಲಿಗೆ ಮಿಷನ್ ನಿಲ್ಲಿಸಲಿಲ್ಲ.

"ಬರಿ. ನನ್ ಹೆಸ್ರ್ ಹಾಕ್. ಮತ್ತೆ, ಅನ್ನ ಬಿಡ್ಬೇಡ."

ಹಾಗಾದರೆ ಹೀಗೆ: ಗಿರಿಜೆಯನ್ನು ಯಾರೂ ಕೈಬಿಡಲಿಲ್ಲ. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಅವಳು ತಿರುಗಿ ನೋಡಿದಳು. ನೋಡಿಯೂ ನಡೆದಳು.