ತಂಪು ಜಾಕೆಟ್ ಮತ್ತು ಬೇವಿನ ಮರ

ಮೈ ತಂಪಾಗಿಡೋ ಹಗುರವಾದ ಜಾಕೆಟ್ ಮಾಡೋದು ನನ್ನ ಕೆಲಸ. ಪೀಣ್ಯದ ಒಂದು ಫೌಂಡ್ರಿಯಲ್ಲಿ, ಕುಲುಮೆ ಮುಂದೆ ನಿಲ್ಲೋ ರಾಯಚೂರಿನ ಶರಣಪ್ಪನವರಿಗೆ ಒಂದು ಕೊಟ್ಟು ಬಂದಿದ್ದೆ. ವಾರ ಬಿಟ್ಟು ಹೋದರೆ, ನೀಟಾಗಿ ಮಡಚಿ ಕೈಗಿಟ್ಟರು.

"ಯಾಕೆ, ತಂಪಾಗಲ್ವಾ?"

"ಛಲೋ ತಂಪಾಗ್ತದ್ರಿ ಸರ. ಮೊದಲು ತಾಸಿಗೊಮ್ಮೆ ಹತ್ತು ನಿಮಿಷ ಹೊರಗ ಬೇವಿನ ಗಿಡದ ಕೆಳಗ ಕುಂದ್ರಾಕ ಬಿಡ್ತಿದ್ರು. ಈಗ ಸೂಪರ್‌ವೈಸರು, ಜಾಕೆಟ್ ಐತಲ್ಲ, ನೆರಳು ಯಾಕ ಅಂತಾರ. ಒಯ್ದುಬಿಡ್ರಿ, ಕೈ ಮುಗೀತೀನಿ."

ಮೈ ಬಿಸಿ ಅಳೆದಿದ್ದೆವು, ಬೆವರು ಅಳೆದಿದ್ದೆವು. ಆ ಮರ ನಮ್ಮ ಲೆಕ್ಕದಲ್ಲೇ ಇರಲಿಲ್ಲ.

ಗೇಟಿನ ಹತ್ತಿರ ಸೂಪರ್‌ವೈಸರ್ ಓಡಿ ಬಂದು ಕೈ ಕುಲುಕಿದ. "ಸೂಪರ್ ಸಾರ್! ಎಲ್ಲರಿಗೂ ಒಂದೊಂದು ಬೇಕು."

ಮೊದಲನೇ ಆರ್ಡರ್ ಅಂತ ಆಫೀಸಿನಲ್ಲಿ ಅವತ್ತು ಕೇಕ್ ಕತ್ತರಿಸಿದರು. ನಾನೂ ಎರಡು ತುಂಡು ತಿಂದೆ.