ದೊಡ್ಡಮ್ಮನ ವೈನ್ ದ್ರಾಕ್ಷಿ

ಸಂಪಿಗೆ ರಸ್ತೆಯ ತಳ್ಳುಗಾಡಿಯಲ್ಲಿ ಕಪ್ಪು ದ್ರಾಕ್ಷಿಯ ರಾಶಿ ಬಿಸಿಲಿಗೆ ಬೆಚ್ಚಗಾದಾಗ ಏಳುತ್ತದಲ್ಲ ಒಂದು ವಾಸನೆ, ಜೇನು ತುಸು ಹುಳಿತಂತೆ? ಅದು ಮೂಗಿಗೆ ಬಡಿದರೆ ನನ್ನ ಕಾಲು ಮಲ್ಲೇಶ್ವರದಲ್ಲೇ ಇರುತ್ತದೆ, ಮನಸ್ಸು ಮಾತ್ರ ನಂದಿಬೆಟ್ಟದ ತಪ್ಪಲಿನ ಕೆಂಪು ಮಣ್ಣಿಗೆ ಹೋಗಿಬಿಡುತ್ತದೆ.

ಅಲ್ಲಿ ನಮ್ಮ ದೊಡ್ಡಮ್ಮನಿಗೆ ತವರಿನಿಂದ ಬಂದ ಎರಡೆಕರೆ ಇದೆ. ದೊಡ್ಡಪ್ಪ ತೀರಿಕೊಂಡ ಮೇಲೆ ಒಂದು ದಿನ ಊಟದ ಹೊತ್ತಿನಲ್ಲಿ, ವೈನ್ ಮಾಡುವ ದ್ರಾಕ್ಷಿ ಹಾಕುತ್ತೇನೆಂದಳು. ಕಾಫಿಯೇ ದೊಡ್ಡ ಚಟವಾಗಿದ್ದ ಮನೆ ನಮ್ಮದು. ಅಪ್ಪ ತಟ್ಟೆ ಸರಿಸಿದರು.

"ಹೆಂಡಕ್ಕೆ ಹಣ್ಣು ಬೆಳೀತೀರಾ ಅತ್ತಿಗೆ? ಅಣ್ಣ ಇದ್ದಿದ್ರೆ ಒಪ್ತಿದ್ನಾ?"

"ನಿನಗಿಷ್ಟ ಬಂದಿದ್ದು ಹಾಕು ಅಂದಿದ್ದೇ ಅವರು."

ಅಂದಿನಿಂದ ಮೂರು ವರ್ಷ ಅವರಿಬ್ಬರ ನಡುವೆ ಮಾತಿಲ್ಲ. ಸಾರು ಬೇಕಾದರೂ ನನ್ನ ಮೂಲಕವೇ ಕೇಳುತ್ತಿದ್ದರು.

ಪ್ರತಿ ಶನಿವಾರ ದೊಡ್ಡಮ್ಮನ ಜೊತೆ ಬಸ್ಸು ಹತ್ತುತ್ತಿದ್ದೆ, ಸಹಾಯಕ್ಕೆಂದು. ಬಳ್ಳಿಗಳು ಬಾಯಾರಿದಂತೆ ಕಂಡು ಒಮ್ಮೆ ನೀರು ತಿರುಗಿಸಿದೆ. "ನಿಲ್ಸೋ. ನೀರು ಜಾಸ್ತಿ ಆದ್ರೆ ಎಲೆ ಬರತ್ತೆ, ರುಚಿ ಬರಲ್ಲ," ಎಂದಳು. ಹಗಲಿಡೀ ಬಿಸಿಲು, ಸಂಜೆ ಬೆಟ್ಟದಿಂದಿಳಿಯುವ ಚಳಿ. ಅವೆರಡರ ನಡುವೆ ಹಣ್ಣು ನಿದ್ದೆಯಲ್ಲಿದ್ದಂತೆ ನಿಧಾನವಾಗಿ ಕಪ್ಪಾಗುತ್ತಿತ್ತು. ನೋಡುತ್ತ ನನಗೂ ತೂಕಡಿಕೆ ಬರುತ್ತಿತ್ತು.

ಮೊದಲ ಕೊಯ್ಲಿನ ಹಿಂದಿನ ದಿನ ಮೋಡ ಕಟ್ಟಿತು. ಮಳೆ ಬಿದ್ದರೆ ಹಣ್ಣು ಒಡೆಯುತ್ತದೆ. ಆಳುಗಳೆಲ್ಲ ಊರಿನ ಮದುವೆಗೆ ಹೋಗಿದ್ದರು. ಮನೆಗೆ ಫೋನ್ ಮಾಡಿ ಅಮ್ಮನ ಹತ್ತಿರ ಗೋಳು ಹೇಳಿಕೊಂಡೆ.

ಬೆಳಗ್ಗೆ ಮಂಜಿನಲ್ಲಿ ಸಾಲಿನ ತುದಿಗೆ ಯಾರೋ ಮಫ್ಲರ್ ಸುತ್ತಿಕೊಂಡು ಬಂದು ನಿಂತರು. ಅಪ್ಪ. ಹಿಂದೆ ಅಮ್ಮ, ಕೈಯಲ್ಲಿ ಹೊಲಿಗೆಯ ಕತ್ತರಿ.

"ಎಲ್ಲಿ ಕತ್ತರಿಸ್ಬೇಕು, ತೋರಿಸಿ ಅತ್ತಿಗೆ."

ದೊಡ್ಡಮ್ಮ ಅಪ್ಪನ ಕೈಗೊಂದು ಕತ್ತರಿ ಕೊಟ್ಟು, ಮಣಿಕಟ್ಟು ಹಿಡಿದು ಅದನ್ನು ತೊಟ್ಟಿನ ಮೇಲಿಟ್ಟಳು. "ಇಲ್ಲಿ ನೋಡು. ಹಣ್ಣು ಅದುಮಬೇಡ."

ಅರ್ಧ ತೋಟ ಮುಗಿಯುವಷ್ಟರಲ್ಲಿ ಮಳೆ ಬಂತು. ಮಿಕ್ಕರ್ಧ ಕೈತಪ್ಪಿತು. ಶೆಡ್ಡಿನಲ್ಲಿ ನೆನೆದು ಕೂತು ಅಪ್ಪ ಒಂದು ಹಣ್ಣು ಬಾಯಿಗೆ ಹಾಕಿಕೊಂಡರು, ಬಹಳ ಹೊತ್ತು ಅಗಿದರು. "ಬೀಜ ಜಾಸ್ತಿ," ಎಂದರು. ದೊಡ್ಡಮ್ಮ ನಕ್ಕಳು. ಮೂರು ವರ್ಷಗಳಲ್ಲಿ ನಾನು ಕೇಳಿದ ಮೊದಲ ನಗು ಅದು.

ಈಗ ಅವಳಿಗೆ ಮಂಡಿ ನೋವು, ಬಸ್ಸು ಹತ್ತಲಾರಳು. ಮೊನ್ನೆ ನಾನೊಬ್ಬನೇ ಹೋಗಿ ತೋಟದಿಂದ ಅವಳಿಗೆ ಫೋನ್ ಮಾಡಿದಾಗ, "ಯಾವತ್ತು ಕೊಯ್ಯೋಣ? ನೀನೇ ಹೇಳು," ಎಂದಳು. ಇಷ್ಟು ವರ್ಷ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಒಂದು ಹಣ್ಣು ಅಗಿದು, ಆಕಾಶ ನೋಡಿ, "ಇನ್ನೆರಡು ದಿನ ಬಿಡೋಣ ದೊಡ್ಡಮ್ಮ," ಎಂದೆ.

"ಸರಿ," ಎಂದಳು, ಮತ್ತೇನೂ ಕೇಳದೆ.