ಭರಮು ಮಾಸ್ತರರ ತಾರೀಖು
ಚಿಕ್ಕೋಡಿಗೆ ಕಂಪ್ಯೂಟರು ಹೊಸದಾಗಿ ಬಂದ ಕಾಲದಲ್ಲಿ, ಸೈಕಲ್ ಅಂಗಡಿಯ ಮಾಳಿಗೆ ಮೇಲೆ ಅದನ್ನು ಕಲಿಸುತ್ತ, ಜಾತಕವನ್ನೂ ಛಾಪಿಸಿ ಕೊಡುವ ಭರಮು ಮಾಸ್ತರರಿಗೆ ಗ್ರಹಗಳ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. "ಜಾತಕ ಸುಳ್ಳಿದ್ರ ಇರ್ಲಿ, ತಾರೀಖ ಖರೇ ಇರಬೇಕ್ರಿ" ಎನ್ನುತ್ತಾರೆ. ಅವರ ವೈರಿ ಎಂದರೆ ಪ್ರೋಗ್ರಾಂ ಬರೆಯುವ ಭಾಷೆಯೇ. ಅದು ಹೊತ್ತನ್ನು ದಶಾಂಶಕ್ಕೆ ಇಳಿಸುವಾಗ ಕೊನೆಯ ಅಂಕಿಗಳನ್ನು ಕತ್ತರಿಸಿಬಿಡುತ್ತದೆ. ಹೊತ್ತು ಒಂದು ಸೆಕೆಂಡು ಹಿಂದೆ ಬಿದ್ದು, ನಡುರಾತ್ರಿ ಸರಿಯಾಗಿ ಹನ್ನೆರಡಕ್ಕೆ ಹುಟ್ಟಿದ ಕೂಸು ಹಿಂದಿನ ದಿನಕ್ಕೆ ಜಾರಿಬಿಡುತ್ತದೆ. ಮಾಸ್ತರರು ಆ ಭಾಷೆಯ ಹೊಟ್ಟೆಯನ್ನೇ ಬಿಚ್ಚಿ, ಚಹಾ ಆರಿ ಕೆನೆಗಟ್ಟಿದರೂ ಏಳದೆ, ತಾರೀಖು ಓದುವ ಭಾಗವನ್ನು ತಿದ್ದುತ್ತ ಕೂರುತ್ತಾರೆ. ಮೊಮ್ಮಗಳ ಜಾತಕಕ್ಕೆಂದು ಬಂದ ಅಥಣಿಯ ದ್ರಾಕ್ಷಿ ಸಾಹುಕಾರರು "ಒಂದ್ ಸೆಕೆಂಡಿಗೆ ಏನಾಗ್ತೈತಿ ಬಿಡ್ರಿ" ಅಂದರೆ, "ನಿಮ್ಮ ಮೊಮ್ಮಗಳ ದಿನಾನ ಹೋಗ್ತೈತ್ರಿ" ಎಂದು ಅವರನ್ನೂ ಕಾಯಿಸುತ್ತಾರೆ. ತಿದ್ದಿದ್ದನ್ನು ಪರೀಕ್ಷಿಸಲು ಮಾತ್ರ ಯಾವಾಗಲೂ ತಮ್ಮದೇ ಹುಟ್ಟಿದ ದಿನ, ಜೂನ್ ಒಂದನ್ನು ಒತ್ತುತ್ತಾರೆ. ತಾಯಿ ಸತ್ತೆವ್ವ ಅವರನ್ನು ಹಡೆದದ್ದು ಕೊರೆಯುವ ಚಳಿಯಲ್ಲಿ, ಕಬ್ಬು ಕಡಿಯುವ ಹೊಲದಲ್ಲಿ. ಯಾವ ದಿನವೆಂದು ಯಾರೂ ನೆನಪಿಡಲಿಲ್ಲ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು, ಅಂಥ ಮಕ್ಕಳಿಗೆಲ್ಲ ಹಾಕುವ ಜೂನ್ ಒಂದನ್ನೇ ಇವರಿಗೂ ಹಾಕಿದರು. "ಇದು ತಪ್ಪಿದ್ರ ಯಾರದೂ ಏನೂ ಹೋಗೂದಿಲ್ರಿ" ಎಂದು ಭರಮು ಮಾಸ್ತರರು ನಗುತ್ತಾರೆ.